ನಂದಿಗೆ ಹೋಗೋದಾದ್ರೆ ಮೆಟ್ಟಿಲ ಕಡೆಯಿಂದ ಹೋಗಿ, ಟೆಂಟ್‌ಗೆ ದುಡ್ಡು ಸುರೀಬೇಡಿ

ಕಾರ್ತಿಕ ಬಂತೆಂದರೆ ಬೆಂಗಳೂರಿನವರಿಗೆ ನಂದಿ ಬೆಟ್ಟ ನೆನಪಾಗುತ್ತದೆ. ಮಂಜು, ಚಳಿ, ಸೂರ್ಯೋದಯ ಎಲ್ಲ ರೀಲ್ಸ್‌ನಲ್ಲಿ ನೋಡಿಯೇ ಇರುತ್ತೀರಿ, ಅದನ್ನು ನಾನು ವರ್ಣಿಸಲು ಹೋಗುವುದಿಲ್ಲ. ಬೆಟ್ಟದ ಬುಡದಲ್ಲಿ ‘ಟೆಂಟ್ ಸ್ಟೇ’ ಹೆಸರಿನಲ್ಲಿ ನಡೆಯುತ್ತಿರುವ ವ್ಯಾಪಾರದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ತಲೆಗೆ 2,500 ರೂಪಾಯಿ. ಫೋಟೋದಲ್ಲಿ ದ್ರಾಕ್ಷಿ ತೋಟ, ಅದರ ಹಿಂದೆ ಬೆಟ್ಟ. ಹೋಗಿ ನೋಡಿದರೆ ದ್ರಾಕ್ಷಿ ತೋಟ ಪಕ್ಕದವರದ್ದು, ನಡುವೆ ಮುಳ್ಳುತಂತಿ ಬೇಲಿ. ನಮ್ಮ ಟೆಂಟ್ ಹಾಕಿದ್ದು ಜನರೇಟರ್ ಪಕ್ಕಕ್ಕೆ. “ಏನಪ್ಪಾ, ಬೆಟ್ಟ ಎಲ್ಲಿ?” ಅಂತ ಭಾವ ಕೇಳಿದರೆ, ಅಲ್ಲಿದ್ದ ಹುಡುಗ “ಬೆಳಿಗ್ಗೆ ಕಾಣ್ಸುತ್ತೆ ಸರ್, ಈಗ ಕತ್ತಲಲ್ವಾ” ಅಂದ. ಬೆಳಿಗ್ಗೆ ಕಾಣಿಸಿದ್ದು ಅರ್ಧ ಕಟ್ಟಿ ನಿಲ್ಲಿಸಿದ್ದ ಮೂರಂತಸ್ತಿನ ಗೋಡೆ. ಕ್ಯಾಂಪ್‌ಫೈರ್ ಫ್ರೀ ಅಂತ ಬರೆದಿದ್ದರು, ಸೌದೆಗೆ 500 ಬೇರೆ ಕಿತ್ತರು. ಮಧ್ಯರಾತ್ರಿ ದಾಟಿದರೂ ಸ್ಪೀಕರ್ ನಿಲ್ಲಲಿಲ್ಲ. ಅದು ನಿಂತ ಮೇಲಾದರೂ ಮಲಗೋಣವೆಂದರೆ ಟೆಂಟಿನ ಬಟ್ಟೆಯ ಒಳಮೈಯಲ್ಲಿ ನಮ್ಮ ಉಸಿರೇ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದೇ ಪದರದ ಅಗ್ಗದ ಟೆಂಟಿಗೆ ನವೆಂಬರ್ ಚಳಿಯಲ್ಲಿ ಹೀಗಾಗುವುದು ಸಹಜ. ಉಳಿಯಲೇಬೇಕು ಅನ್ನುವವರು ಮೇಲೆ ಇನ್ನೊಂದು ಹೊದಿಕೆ ಇದೆಯಾ ಅಂತ ಮೊದಲೇ ಕೇಳಿ, ಹಾಸಿಗೆಯ ಫೋಟೋ ಅಲ್ಲ, ಟೆಂಟ್ ಹಾಕಿರುವ ಜಾಗದ ಫೋಟೋ ತರಿಸಿಕೊಳ್ಳಿ.

ನನ್ನ ಮಟ್ಟಿಗೆ ಉಳಿಯುವ ಅಗತ್ಯವೇ ಇಲ್ಲ. ನಗರದಿಂದ 60 ಕಿ.ಮೀ. ಆಸುಪಾಸು. ನವೆಂಬರ್‌ನಲ್ಲಿ ಸೂರ್ಯ ಹುಟ್ಟುವುದು 6.10ರ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟರೂ ಸಮಯ ಮಿಗುತ್ತದೆ.

ಆದರೆ ಭಾನುವಾರ ಬೇಡ. ದಯವಿಟ್ಟು ಬೇಡ. ಘಾಟಿಯ ತಿರುವುಗಳಲ್ಲಿ ಕಾರಿಗೆ ಕಾರು ಅಂಟಿಕೊಂಡು ನಿಂತು, ಅರ್ಧ ಜನ ಸೂರ್ಯೋದಯ ನೋಡುವುದು ಮುಂದಿನ ಗಾಡಿಯ ಹಿಂದಿನ ಗಾಜಿನಲ್ಲಿ. ವಾರಾಂತ್ಯದಲ್ಲಿ ವಾಹನಗಳಿಗೆ ಆಗಾಗ ನಿರ್ಬಂಧವನ್ನೂ ಹಾಕುತ್ತಾರೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮಳೆಯ ಕಡೆಯೂ ಒಂದು ಕಣ್ಣಿರಲಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿಹೋಗಿತ್ತು. ನವೆಂಬರ್‌ನದ್ದು ಹಿಂಗಾರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಚೆನ್ನೈಗೆ ಮಳೆ ಅಂದರೆ ನಮಗೆ ಎರಡು ಮೂರು ದಿನ ಮೋಡ, ಜಿನುಗು ಮಳೆ. ಅಂಥ ದಿನ ಬೆಟ್ಟದ ಮೇಲೆ ಸೂರ್ಯನೂ ಇಲ್ಲ, ಕಣಿವೆಯೂ ಇಲ್ಲ, ಬರೀ ಬಿಳುಪು. ಹಾಗಾಗಿ ನಾನು ಬೆಂಗಳೂರಿಗಿಂತ ಮೊದಲು ಚೆನ್ನೈ ಹವಾಮಾನ ನೋಡುತ್ತೇನೆ.

ಈಗ ಮೆಟ್ಟಿಲ ವಿಷಯ. ಬೆಟ್ಟದ ಬುಡದ ಸುಲ್ತಾನ್‌ಪೇಟೆಯಿಂದ ಹಳೆಯ ಕಲ್ಲಿನ ಮೆಟ್ಟಿಲ ಹಾದಿ ಕೋಟೆಗೆ ಹತ್ತುತ್ತದೆ. ಕಾರಿನಲ್ಲಿ ಬಂದ ಬಹಳ ಜನಕ್ಕೆ ಇದು ಇರುವುದೇ ಗೊತ್ತಿಲ್ಲ. ಮೆಜೆಸ್ಟಿಕ್‌ನಿಂದ ಚಿಕ್ಕಬಳ್ಳಾಪುರದ ಬಸ್ಸುಗಳು ಬೇಕಾದಷ್ಟಿವೆ, ಅಲ್ಲಿಂದ ನಂದಿ ಗ್ರಾಮ, ಮುಂದೆ ಆಟೊ. ನಿಧಾನಕ್ಕೆ, ಕೂತು ಎದ್ದು ಹತ್ತಿದರೂ ಒಂದೂವರೆ ಗಂಟೆ ಸಾಕು. ಮೆಟ್ಟಿಲುಗಳು ನಡುವೆ ಸವೆದು ನುಣುಪಾಗಿವೆ, ನೀರು ಜಿನುಗುವ ಕಡೆ ಪಾಚಿ ಕಟ್ಟಿದೆ. ಚಪ್ಪಲಿಯಲ್ಲಿ ಹತ್ತಬೇಡಿ. ಮಂಡಿ ನೋವಿರುವವರು ಹತ್ತಿ, ಇಳಿಯುವಾಗ ಮಾತ್ರ ರಸ್ತೆ ಹಿಡಿಯಿರಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಸದ್ದು ಮಾಡಿದರೆ ಕೋತಿಗಳು ಎಲ್ಲಿದ್ದರೂ ಬರುತ್ತವೆ. ಭಾವನ ಕೈಯಿಂದ ಬಿಸ್ಕತ್ ಪ್ಯಾಕೆಟ್ ಕಿತ್ತುಕೊಂಡ ಕೋತಿ ಎರಡು ಮೆಟ್ಟಿಲು ಮೇಲೆ ಕೂತು, ನಮ್ಮ ಎದುರಿಗೇ ಒಂದೊಂದಾಗಿ ತಿಂದು ಮುಗಿಸಿತು.

ಬೆಟ್ಟದ ಎತ್ತರ 1,478 ಮೀಟರ್. ಮೇಲಿನ ಕಾಡು ತಂಪು. ನೀಲಗಿರಿ ಕಾಡು ಪಾರಿವಾಳ ಸಾಮಾನ್ಯವಾಗಿ ಪಶ್ಚಿಮ ಘಟ್ಟದ ಹಕ್ಕಿ, ಅದರ ಒಂದು ಸಣ್ಣ ಗುಂಪು ಇಲ್ಲೂ ಉಳಿದುಕೊಂಡಿದೆ. ಚಳಿಗಾಲ ಕಳೆಯಲು ಹಿಮಾಲಯದ ಕಡೆಯಿಂದ ಬರುವ ಪುಟ್ಟ ಹಕ್ಕಿಗಳೂ ಈ ಹೊತ್ತಿಗೆ ಬಂದಿಳಿದಿರುತ್ತವೆ. ನರ್ಸರಿ ಕಡೆ ಹೋಗಿ ಹತ್ತು ನಿಮಿಷ ಅಲ್ಲಾಡದೆ ನಿಂತರೆ ಕಾಣಿಸುತ್ತವೆ. ಟಿಪ್ಪು ಡ್ರಾಪ್‌ನಲ್ಲಿ ಸೆಲ್ಫಿಗೆ ಸಾಲು ನಿಲ್ಲುವುದಕ್ಕಿಂತ ಇದು ವಾಸಿ.

ಕೆಳಗಿಳಿದ ಮೇಲೆ ಊಟ. ಬೆಟ್ಟದ ಮೇಲೆ ಏನೂ ತಿನ್ನಬೇಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ನಂದಿ ಗ್ರಾಮಕ್ಕೆ ಬನ್ನಿ. ಭೋಗನಂದೀಶ್ವರ ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ಶೀಟ್ ಹೊದಿಸಿದ ಒಂದು ಮನೆ ಹೋಟೆಲ್ ಇದೆ. ಬೋರ್ಡ್ ಇಲ್ಲ, ಹೊರಗೆ ಹಳದಿ ಡ್ರಮ್ ಇಟ್ಟಿರುತ್ತಾರೆ, ಅದೇ ಗುರುತು. ಹನ್ನೆರಡರ ಮೇಲೆ ಮುದ್ದೆ. ನಾವು ಹೋದಾಗ ಹಿತಕಿದ ಬೇಳೆ ಸಾರು ಮಾಡಿದ್ದರು. ಬಾಗಿಲ ಪಕ್ಕದಲ್ಲೇ ಆ ಮನೆಯ ಸೊಸೆ ನೆನೆಸಿದ ಅವರೆಕಾಳಿನ ಬೇಸಿನ್ ಮುಂದಿಟ್ಟುಕೊಂಡು ಕೂತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಇಟ್ಟು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ನಮ್ಮ ಜೊತೆ ಮಾತಾಡುತ್ತಲೇ ಇದ್ದರು, ಕೈಯ ಕಡೆ ನೋಡಲೇ ಇಲ್ಲ, ಒಂದು ಕಾಳೂ ಗುರಿ ತಪ್ಪಲಿಲ್ಲ. ಕೆಂಡದಂಥ ಬಿಸಿ ಮುದ್ದೆ, ಕೊಬ್ಬರಿ ಗಸಗಸೆ ರುಬ್ಬಿ ಹಾಕಿದ ಗಟ್ಟಿ ಸಾರು, ಪಕ್ಕಕ್ಕೆ ಈರುಳ್ಳಿ, ಆಮೇಲೆ ಅನ್ನ, ಮಜ್ಜಿಗೆ. 60 ರೂಪಾಯಿ. ಭಾವ ಎರಡನೇ ಮುದ್ದೆ ಮುಗಿಸಿ “ಸಾರು ಅದ್ಭುತ ಅಕ್ಕ” ಅಂದರೆ, ಆಯಮ್ಮ ಒಪ್ಪಲಿಲ್ಲ. “ಅವರೆ ಇನ್ನೂ ಸೊಗಡು ಹಿಡಿದಿಲ್ಲ ಕಣಣ್ಣ. ಇಬ್ಬನಿ ಚೆನ್ನಾಗಿ ಬೀಳ್ಲಿ, ಸಂಕ್ರಾಂತಿ ಹತ್ರ ಬನ್ನಿ” ಅಂದರು. ಟೆಂಟ್‌ನವನು ಕೊಟ್ಟ ತಣ್ಣಗಿನ ಪನೀರ್ ನೆನೆದು ಭಾವ ಇನ್ನೊಂದು ಸೌಟು ಹಾಕಿಸಿಕೊಂಡರು.

ದೇವಸ್ಥಾನದ ಕಲ್ಯಾಣಿ ತಪ್ಪಿಸಬೇಡಿ. ಮಧ್ಯಾಹ್ನ ಬಿಕೋ ಅನ್ನುತ್ತಿರುತ್ತದೆ.

ಇನ್ನೊಂದು ದಿನ ಸಿಕ್ಕಿದರೆ ಹೆಸರಘಟ್ಟ. ನಂದಿ ಸಾಲಿನಲ್ಲಿ ಹುಟ್ಟುವ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು, 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆ ನೀರು ಬಂದಿದ್ದು ಅಲ್ಲಿಂದಲೇ. ಈ ತಿಂಗಳಲ್ಲಿ ಅಲ್ಲಿನ ಹುಲ್ಲುಗಾವಲಿಗೆ ದೂರದೇಶದ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು) ಬಂದಿರುತ್ತವೆ, ಹುಲ್ಲಿನ ತುದಿ ಸವರಿಕೊಂಡು ಹಾರುವುದನ್ನು ಬೆಳಿಗ್ಗೆ ಎಂಟರೊಳಗೆ ನೋಡಬೇಕು. ಪ್ರಿ-ವೆಡ್ಡಿಂಗ್ ಶೂಟಿಂಗ್‌ನವರು ಎದುರಾದರೆ ಬೇರೆ ದಿಕ್ಕಿಗೆ ನಡೆಯಿರಿ. ಗಾಡಿಯನ್ನು ಹುಲ್ಲಿನ ಮೇಲೆ ಹತ್ತಿಸಬೇಡಿ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿವೆ. ಅಲ್ಲಿ ನೆರಳಿಲ್ಲ, ನೀರು ನೀವೇ ಒಯ್ಯಬೇಕು.

ಸುಲ್ತಾನ್‌ಪೇಟೆಯಲ್ಲಿ ವಾಪಸ್ ಆಟೊ ಸಿಗುವುದು ಕಷ್ಟ. ಬಿಟ್ಟುಹೋಗುವ ಆಟೊದವರ ನಂಬರ್ ತೆಗೆದುಕೊಂಡು, ಎರಡೂ ಕಡೆಗೆ ಸೇರಿಸಿ ರೇಟ್ ಮಾತಾಡಿಕೊಳ್ಳಿ. ಮುದ್ದೆ ಹೋಟೆಲ್‌ಗೆ ಚಿಲ್ಲರೆ ಒಯ್ಯಿರಿ. ಸ್ಕ್ಯಾನರ್ ಅಂಟಿಸಿದ್ದಾರೆ, ಆದರೆ ಅದು ಮಗನ ಅಕೌಂಟ್ ಅಂತೆ, ಆಯಮ್ಮನಿಗೆ ಕೈಗೆ ಬರುವ ಕಾಸೇ ಬೇಕು.