‘ನೂರಕ್ಕೆ ನೂರು’ ಅಂದವನು ಎಷ್ಟು ಕಟ್ಟಬೇಕು?

“ಯಾರು ಗೆಲ್ತಾರೆ ಅಂತ ನಂಗೊತ್ತು ಮಾರಾಯ. ಎಷ್ಟು ಹಾಕ್ಲಿ, ಅಷ್ಟು ಹೇಳು ಸಾಕು.”

ನ್ಯೂಜೆರ್ಸಿಯಲ್ಲಿರುವ ಗೆಳೆಯ ಈ ವಾರ ಕೇಳಿದ್ದು ಇದು. ಯುಎಫ್‌ಸಿ ಫೈಟು (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾದಾಟ), ಅವನ ಮೆಚ್ಚಿನ ಫೈಟರ್‌ಗೆ ಮೈನಸ್ 300 ಆಡ್ಸ್, ಅಂದರೆ ಬಾಜಿಯ ದರ. “ಇದೇ ಫೈಟು ನೂರು ಸಲ ನಡೆದರೆ ಎಷ್ಟು ಸಲ ಗೆಲ್ತಾನೆ?” ಅಂದರೆ, “ನೂರಕ್ಕೆ ನೂರು” ಅಂದ. ಬೆಟ್ಟಿಂಗ್‌ಗೆಂದು ತೆಗೆದಿಟ್ಟ ಸಾವಿರ ಡಾಲರ್‌ನಲ್ಲಿ ಐನೂರು ಕಟ್ಟುವ ಯೋಚನೆ. ಕಾರಿನ ಇನ್ಶೂರೆನ್ಸ್‌ಗೆ ನಾಲ್ಕು ಕಡೆ ರೇಟು ವಿಚಾರಿಸುವ ಜಾಗ್ರತೆಯ ಮನುಷ್ಯ ಆತ. ಅಂಥವನ ಬಾಯಲ್ಲಿ ಬಂದ ಆ ‘ನೂರಕ್ಕೆ ನೂರು’ ಇನ್ನೂ ತಲೆಯಿಂದ ಇಳಿದಿಲ್ಲ.

ನ್ಯೂಜೆರ್ಸಿಯಲ್ಲಿ 2018ರಿಂದ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಓದುವವರು ಕೈ ಹಾಕಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮಲ್ಲಿ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಮೈನಸ್ 300 ಅಂದರೆ 300 ಕಟ್ಟಿದರೆ 100 ಲಾಭ. ಅಸಲು ಗಿಟ್ಟಬೇಕಾದರೂ ನೂರಕ್ಕೆ 75 ಸಲ ಗೆಲ್ಲಬೇಕು. ಎದುರಾಳಿಗೆ ಪ್ಲಸ್ 250 ಇತ್ತು, ಅಂದರೆ 100 ಕಟ್ಟಿದರೆ 250 ಲಾಭ, ಅಸಲು ಗಿಟ್ಟಲು ನೂರಕ್ಕೆ 28.6 ಸಲ ಗೆದ್ದರೆ ಸಾಕು. ಎರಡೂ ಕೂಡಿದರೆ 103.6. ಮೇಲಿನ ಆ 3.6 ಬುಕ್‌ಮೇಕರ್‌ನ, ಅಂದರೆ ಬಾಜಿ ಕಟ್ಟಿಸಿಕೊಳ್ಳುವ ಕಂಪನಿಯ ಪಾಲು. ಅದನ್ನು ತೆಗೆದರೆ ಮಾರುಕಟ್ಟೆಯ ಪ್ರಕಾರ ಮೆಚ್ಚಿನವನ ನಿಜವಾದ ಸಾಧ್ಯತೆ ಸುಮಾರು 72.4. ಹಾಗಾಗಿ ಮಾರುಕಟ್ಟೆಗಿಂತ ನಮಗೆ ಹೆಚ್ಚು ಗೊತ್ತು ಅನ್ನಲು ಗಟ್ಟಿ ಕಾರಣ ಇಲ್ಲದಿದ್ದರೆ ಕಟ್ಟಬೇಕಾದ ಮೊತ್ತ ಸೊನ್ನೆ.

ಕಾರಣ ಇದೆ ಅಂತಲೇ ಇಟ್ಟುಕೊಳ್ಳಿ. ಎಷ್ಟು ಕಟ್ಟಬೇಕು ಅನ್ನುವುದಕ್ಕೆ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಒಂದು ಸೂತ್ರ ಕೊಟ್ಟರು. ಸೋಲುವ ಸಾಧ್ಯತೆಯನ್ನು ಡಾಲರಿಗೆ ಸಿಗುವ ಲಾಭದಿಂದ ಭಾಗಿಸಿ, ಬಂದದ್ದನ್ನು ಗೆಲ್ಲುವ ಸಾಧ್ಯತೆಯಿಂದ ಕಳೆಯಬೇಕು. ಉಳಿದದ್ದೇ ಕಟ್ಟಬೇಕಾದ ಪಾಲು. ಮೈನಸ್ 300ರಲ್ಲಿ ಡಾಲರಿಗೆ ಲಾಭ ಮೂರನೇ ಒಂದು. ಗೆಲ್ಲುವ ಸಾಧ್ಯತೆ 80 ಅಂತ ನಿಮ್ಮ ಅಂದಾಜಾದರೆ, ಸೋಲಿನ 20 ಮೂರು ಪಟ್ಟಾಗಿ 60 ಆಗುತ್ತದೆ. 80ರಲ್ಲಿ 60 ಕಳೆದರೆ 20, ಸಾವಿರದಲ್ಲಿ ಇನ್ನೂರು ಡಾಲರ್.

ಈಗ ಗೆಳೆಯನ ಉತ್ತರವನ್ನು ಇದಕ್ಕೆ ಹಾಕಿ ನೋಡಿ. ನೂರಕ್ಕೆ ನೂರು ಅಂದರೆ ಸೋಲು ಸೊನ್ನೆ, ಸೂತ್ರ ಹೇಳುವುದು ‘ಇಡೀ ಸಾವಿರ ಕಟ್ಟು’ ಅಂತ. ಅವನು ಕಟ್ಟಲು ಹೊರಟದ್ದು ಐನೂರು. ಹಿಂದಕ್ಕೆ ಲೆಕ್ಕ ಹಾಕಿದರೆ ಐನೂರಕ್ಕೆ ತಕ್ಕ ನಂಬಿಕೆ 87.5. ಬಾಯಿ ನೂರು ಅಂದಿತ್ತು, ಕೈ ಎಂಬತ್ತೇಳೂವರೆಗೆ ನಿಂತಿತ್ತು. ಜನರ ನಂಬಿಕೆಯನ್ನು ಮಾತಿಗಿಂತ ಅವರು ಕಟ್ಟುವ ಮೊತ್ತದಲ್ಲಿ ನೋಡುವುದೇ ಸರಿ ಅಂತ ನನಗೆ ಬಲವಾಗಿ ಅನ್ನಿಸಿದ್ದು ಇಲ್ಲೇ.

ಆದರೆ ಆ ಎಂಬತ್ತೇಳೂವರೆಯೂ ಅಪಾಯದ ಅಂಕಿ. ಮೈನಸ್ 300ರಲ್ಲಿ ನಿಮ್ಮ ಅಂದಾಜು ಒಂದು ಅಂಶ ತಪ್ಪಿದರೆ ಮೊತ್ತ ನಾಲ್ಕು ಅಂಶ ತಪ್ಪುತ್ತದೆ. 80 ಅಂದುಕೊಂಡದ್ದು ನಿಜದಲ್ಲಿ 75 ಆಗಿದ್ದರೆ ಇನ್ನೂರು ಕಟ್ಟಬೇಕಾದ ಕಡೆ ಏನೂ ಕಟ್ಟಬಾರದು. ಪ್ಲಸ್ 250ರ ಕಡೆ ಅದೇ ತಪ್ಪಿಗೆ ಮೊತ್ತ ಏರುಪೇರಾಗುವುದು 1.4 ಅಂಶ ಮಾತ್ರ. ಗೆಲ್ಲುವ ಕುದುರೆ ಅನ್ನಿಸಿದಲ್ಲೇ ಅಂದಾಜಿನ ತಪ್ಪು ದುಬಾರಿ.

ಈ ಆಟದಲ್ಲಿ ಅಂದಾಜು ತಪ್ಪದೇ ಇರುವುದೂ ಕಷ್ಟ. ಒಬ್ಬ ಫೈಟರ್ ವರ್ಷಕ್ಕೆ ಎರಡು ಮೂರು ಸಲ ಕಣಕ್ಕಿಳಿದರೆ ಹೆಚ್ಚು. ಅಳೆಯಲು ಅಂಕಿಅಂಶವೇ ಸಾಲದು. ಗ್ಲೌಸ್ ಬರೀ ನಾಲ್ಕು ಔನ್ಸಿನದು, ಒಂದು ಹೊಡೆತಕ್ಕೆ ಎಲ್ಲ ಮುಗಿಯಬಹುದು. 2022ರ ಆಗಸ್ಟ್‌ನಲ್ಲಿ ಆಗಿನ ಚಾಂಪಿಯನ್ ಕಮಾರು ಉಸ್ಮಾನ್ ತೀರ್ಪುಗಾರರ ಪಟ್ಟಿಯಲ್ಲಿ ಮುಂದಿದ್ದರು. ಐದನೇ ರೌಂಡ್ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ, ಲಿಯಾನ್ ಎಡ್ವರ್ಡ್ಸ್ ಎಡಗಾಲು ತಲೆಗೆ ಬಿತ್ತು. 2015ರಲ್ಲಿ ಮೆಲ್ಬರ್ನ್‌ನಲ್ಲಿ ಚಾಂಪಿಯನ್ ರೋಂಡಾ ರೌಸಿಗೆ ಹಾಲಿ ಹೋಮ್ ಎಂಬಾಕೆ ಕೊಟ್ಟದ್ದೂ ಅಂಥದ್ದೇ ಒದೆತ.

ಅದಕ್ಕೇ ಅನುಭವಸ್ಥರಲ್ಲಿ ಹಲವರು ಕೆಲ್ಲಿ ಹೇಳಿದ್ದರಲ್ಲಿ ಕಾಲು ಭಾಗ ಮಾತ್ರ ಕಟ್ಟುತ್ತಾರೆ. ಆ ಇನ್ನೂರು ಡಾಲರ್ ಬರೀ ಐವತ್ತಕ್ಕೆ ಇಳಿಯುತ್ತದೆ. ಸಾಧ್ಯತೆಯ ಲೆಕ್ಕದಲ್ಲಿ ಭರವಸೆ ಇಲ್ಲದವರು ಪ್ರತಿ ಫೈಟಿಗೂ ಒಂದೇ ಪಾಲು, ಕೈಲಿರುವ ಬೆಟ್ಟಿಂಗ್ ದುಡ್ಡಿನ ಶೇ 1ರಿಂದ 2, ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಸಲ ಉಳಿದದ್ದರ ಶೇ 20 ಕಟ್ಟಿ ಸಾಲಾಗಿ ನಾಲ್ಕು ಸೋತರೆ ಸಾವಿರದಲ್ಲಿ ಉಳಿಯುವುದು 410. ಶೇ 2 ಕಟ್ಟಿದ್ದರೆ 922.

ಮೊತ್ತ ಕದ್ದು ಬೆಳೆಯುವ ದಾರಿಗಳೂ ಇವೆ. ‘ಇವನೇ ಗೆಲ್ತಾನೆ’, ‘ನಾಕೌಟ್‌ನಲ್ಲೇ ಗೆಲ್ತಾನೆ’, ‘ಎರಡೂವರೆ ರೌಂಡಿನೊಳಗೆ ಮುಗಿಯುತ್ತೆ’ ಅಂತ ಮೂರು ಕಡೆ ಐವತ್ತೈವತ್ತು ಕಟ್ಟಿದರೆ ಬಹುಮಟ್ಟಿಗೆ ಅದು ಒಂದೇ ಬಾಜಿ, ನೂರೈವತ್ತರದ್ದು. ಪಾರ್ಲೇ, ಅಂದರೆ ಹಲವು ಬಾಜಿಗಳನ್ನು ಸೇರಿಸಿ ಎಲ್ಲವೂ ಗೆದ್ದರಷ್ಟೇ ಹಣ ಸಿಗುವ ಬಾಜಿ, ಇನ್ನೂ ಕೆಟ್ಟದ್ದು. ಮೈನಸ್ 300ರ ಐದು ಜನರನ್ನು ಒಂದೇ ಸ್ಲಿಪ್ಪಿನಲ್ಲಿ ಪೋಣಿಸಿದರೆ, ಒಂದು ಫೈಟಿನಲ್ಲಿ ಕಟ್ಟಿದ ಹಣದ ಶೇ 3.5ರಷ್ಟಿದ್ದ ಬುಕ್‌ಮೇಕರ್‌ನ ಲಾಭ ಶೇ 16 ಮುಟ್ಟುತ್ತದೆ. ಐವರೂ ಗೆಲ್ಲುವುದು ಐದಕ್ಕೆ ಒಂದೇ ಸಲ.

ಶುಕ್ರವಾರ ಫೈಟರ್‌ಗಳ ತೂಕ ನೋಡಿದ ಮೇಲೆ ಮೊತ್ತ ಬರೆದಿಡಿ. ತೂಕ ಇಳಿಸಲಾಗದೆ ಒಣಗಿ ಬಂದವನನ್ನು ಕಂಡರೆ, ಎದುರಾಳಿ ಕೊನೇ ಗಳಿಗೆಯಲ್ಲಿ ಬದಲಾದರೆ, ಹಳೆಯ ಅಂದಾಜು ಬಿಟ್ಟು ಹೊಸದಾಗಿ ಲೆಕ್ಕ ಹಾಕಿ. ಶನಿವಾರ ರಾತ್ರಿ ಮೊದಲ ಫೈಟುಗಳಲ್ಲಿ ಕಳೆದದ್ದನ್ನು ಮೇನ್ ಇವೆಂಟ್‌ನಲ್ಲಿ ದುಪ್ಪಟ್ಟು ಮಾಡಿ ತೆಗೆಯುತ್ತೇನೆ ಅನ್ನುವ ಹೊತ್ತಿಗೆ ಯಾವ ಸೂತ್ರವೂ ತಲೆಯಲ್ಲಿ ಇರುವುದಿಲ್ಲ. ಗೆಳೆಯನಿಗೆ ಹೇಳಿದ್ದು ಇಷ್ಟು: ಮೊದಲು ಆಪ್‌ನಲ್ಲಿ ಡೆಪಾಸಿಟ್ ಲಿಮಿಟ್ ಹಾಕು. ನ್ಯೂಜೆರ್ಸಿಯ ನಿಯಮದಂತೆ ಅದನ್ನು ಇಳಿಸಿದರೆ ಬೇಗ ಜಾರಿಯಾಗುತ್ತದೆ, ಏರಿಸಬೇಕಾದರೆ ಹಳೆಯ ಅವಧಿ ಮುಗಿಯುವವರೆಗೆ ಕಾಯಬೇಕು. ಮನೆಯ ಕಂತಿನ ದುಡ್ಡಿಗೆ ಕೈ ಹೋಗುತ್ತಿದೆ ಅನ್ನಿಸಿದರೆ ಅಲ್ಲಿನ ಸಹಾಯವಾಣಿ 1-800-ಗ್ಯಾಂಬ್ಲರ್‌ಗೆ ಅವತ್ತೇ ಫೋನ್ ಮಾಡು.