ಚೆನ್ನಾಗೇ ಇದ್ದಾಳಲ್ಲ, ದಿನಾ ಮಾತ್ರೆ ಯಾಕೆ?

ಮನೆಗೆ ಬಂದವರು ಕೇಳುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳುತ್ತಾರೆ. ಮಗಳು ಎದುರಿಗೇ ಕುಂಟೆಬಿಲ್ಲೆ ಆಡುತ್ತಿರುತ್ತಾಳೆ. ನಾನು ಮಾತ್ರೆ ತೆಗೆದರೆ ಸಾಕು, "ಚೆನ್ನಾಗೇ ಇದ್ದಾಳಲ್ಲ, ಸುಮ್ನೆ ಯಾಕೆ ನುಂಗಿಸ್ತೀಯ?" ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆದಿಡುತ್ತಿದ್ದೇನೆ.

ಅವಳಿಗಿರುವುದು ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್, ಅಂದರೆ ಬಿಟ್ಟು ಬಿಟ್ಟು ಮರುಕಳಿಸುವ ವಾಂತಿಯ ಕಾಯಿಲೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಶುರುವಾಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ವಾಂತಿ, ಹೊಟ್ಟೆಯಲ್ಲಿ ಏನೂ ಉಳಿದಿಲ್ಲದಿದ್ದರೂ. ಒಂದೂವರೆ ದಿನ ಹೀಗೇ. ಆಮೇಲೆ ನಲ್ಲಿ ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ನಿದ್ದೆ ಮಾಡಿ ಎದ್ದು ದೋಸೆ ಕೇಳುತ್ತಿದ್ದಳು. ಆರೇಳು ವಾರ ಏನೂ ಇಲ್ಲ. ಮತ್ತೆ ಅದೇ ಹೊತ್ತು, ಅದೇ ಪಾಡು.

ನಾಲ್ಕು ವರ್ಷದ ಮಗು. ಪಿತ್ತ ಅಂದರು, ದೃಷ್ಟಿ ಅಂದರು, ನಾನು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೂ ಹಾಕಿದೆ. ಪ್ರತಿ ಸಲ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರದ್ದು ಒಂದೇ ಪ್ರಶ್ನೆ: "ಹೊರಗೆ ಏನು ತಿನ್ನಿಸಿದ್ರಿ?" ಅತ್ತೆಗೆ ಅಮಾವಾಸ್ಯೆಯ ಮೇಲೆ ಅನುಮಾನ. ಇದೊಂದನ್ನು ಪರೀಕ್ಷೆ ಮಾಡುವುದು ಸುಲಭವಿತ್ತು. ಪಂಚಾಂಗದ ಕ್ಯಾಲೆಂಡರಿನಲ್ಲಿ ವಾಂತಿಯ ದಿನಗಳಿಗೆ ಕೆಂಪು ಗುರುತು ಹಾಕುತ್ತಾ ಬಂದೆ. ಅಮಾವಾಸ್ಯೆಗೆ ತಾಳೆಯಾಗಲಿಲ್ಲ. ಗಣೇಶನ ಹಬ್ಬದ ಮರುದಿನಕ್ಕೆ ಆಯಿತು. ಜಾತ್ರೆಯಿಂದ ತಡರಾತ್ರಿ ಬಂದದ್ದಕ್ಕೆ ಆಯಿತು, ಸ್ಕೂಲ್ ಡೇಗೂ ಆಯಿತು. ಸಂಭ್ರಮ, ನಿದ್ದೆಗೇಡು, ಹೊತ್ತಿಗೆ ಸರಿಯಾಗಿ ಉಣ್ಣದಿರುವುದು. ಈ ಕಾಯಿಲೆಯನ್ನು ಕೆರಳಿಸುವುದು ಇಂಥವೇ ಅಂತೆ.

ಆ ಕ್ಯಾಲೆಂಡರನ್ನು ನೋಡಿಯೇ ಮಕ್ಕಳ ಡಾಕ್ಟರೊಬ್ಬರು ಕಾಯಿಲೆಯ ಹೆಸರು ಹೇಳಿದ್ದು. ಆದರೆ ಹೇಳುವ ಮೊದಲು ತುಂಬಾ ಕೇಳಿದರು. ವಾಂತಿ ಹಸಿರಾಗಿತ್ತಾ? ಹಸಿರಾದರೆ ಕರುಳು ತಿರುಚಿಕೊಂಡಿರಬಹುದು, ಅದು ತುರ್ತು. ಬಣ್ಣದ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ಸೋದರ ಸಂಬಂಧದಲ್ಲಿ ಮದುವೆಯಾ ಎಂದೂ ಕೇಳಿದರು. ಹೌದು, ನನ್ನ ಗಂಡ ಸೋದರತ್ತೆಯ ಮಗ. ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಹತ್ತಿರದ ಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ತಿಂದ ಆಹಾರವನ್ನು ದೇಹ ಬಳಸಿಕೊಳ್ಳಲು ಬೇಕಾದ ಕಿಣ್ವಗಳ ಕೆಲವು ಹುಟ್ಟುದೋಷಗಳು ಜಾಸ್ತಿ, ಅವೂ ಹೀಗೇ ವಾಂತಿ ತರಿಸುತ್ತವೆ. ಅಮೋನಿಯಾ ಮುಂತಾದವುಗಳ ರಕ್ತ ಪರೀಕ್ಷೆಯನ್ನು ವಾಂತಿ ಆಗುತ್ತಿರುವಾಗಲೇ, ಗ್ಲೂಕೋಸ್ ಏರಿಸುವ ಮೊದಲೇ ಮಾಡಬೇಕಂತೆ. ನಿಂತ ಮೇಲೆ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣಬಹುದು. ನಮ್ಮ ಪುಣ್ಯ, ಆ ಥರದ್ದೇನೂ ಇರಲಿಲ್ಲ.

ಇದೇನು ಹೊಸ ಕಾಯಿಲೆ ಅಲ್ಲ. ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ 1882ರಲ್ಲೇ ಇಂಥ ಒಂಬತ್ತು ಮಕ್ಕಳ ಬಗ್ಗೆ ಬರೆದಿದ್ದರು. ವಾಂತಿ ಹೊಟ್ಟೆಯದ್ದಾದರೂ ಎಡವಟ್ಟು ಮೆದುಳು ಮತ್ತು ಕರುಳಿನ ನಡುವಿನ ಮಾತುಕತೆಯಲ್ಲಿ. ಮೈಗ್ರೇನಿಗೆ, ಅಂದರೆ ಅರೆತಲೆನೋವಿಗೆ, ಹತ್ತಿರದ ನೆಂಟ. ನನಗೆ ಮೈಗ್ರೇನ್ ಇದೆ, ನನ್ನಮ್ಮನಿಗೂ ಇತ್ತು.

ಈಗ ಮಾತ್ರೆಯ ವಿಷಯ. ವಾಂತಿ ಪೂರ್ತಿ ಹಿಡಿದುಕೊಂಡ ಮೇಲೆ ಅದನ್ನು ನಿಲ್ಲಿಸುವುದು ಕಷ್ಟ. ಬಾರದಂತೆ ತಡೆಯುವ ಔಷಧಿ ಕೆಲಸ ಮಾಡುವುದು ಚೆನ್ನಾಗಿರುವ ದಿನಗಳಲ್ಲೇ. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಸೈಪ್ರೊಹೆಪ್ಟಡಿನ್. ನಮ್ಮಲ್ಲಿ ಹಸಿವಿನ ಸಿರಪ್ ಅಂತ ಕೊಡುತ್ತಾರಲ್ಲ, ಅದೇ. ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ, ಮಗು ಮೈತುಂಬಿಕೊಂಡಿತಲ್ಲ! ದೊಡ್ಡವಳಾದ ಮೇಲೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಗೆ ಬದಲಾಯಿಸಿದರು. ಅದಕ್ಕೂ ಮೊದಲು ಇಸಿಜಿ ತೆಗೆಸಿದರು, ಹೃದಯದ ಬಡಿತದ ಲಯ ನೋಡಲು. ಔಷಧಿ ಅಂಗಡಿಯ ಹುಡುಗ ಚೀಟಿ ನೋಡಿ, "ಅಕ್ಕಾ, ಇದು ಡಿಪ್ರೆಶನ್ ಮಾತ್ರೆ, ಮಗೂಗಾ?" ಅಂದ. ಆ ಮಾತು ಮನೆಗೆ ಬಂದು ಎರಡು ವಾರ ಮಾತ್ರೆ ನಿಂತಿತು. ನಿಲ್ಲಿಸಿದ್ದು ನಾನೇ. ಮೂರನೇ ವಾರ ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಬಕೆಟ್ ಹಿಡಿದು ಕೂತೆ. ಇದನ್ನು ಕಡಿಮೆ ಪ್ರಮಾಣದಲ್ಲಿ ಮೈಗ್ರೇನಿಗೂ ಕೊಡುತ್ತಾರೆ ಎಂದು ಆಮೇಲೆ ತಿಳಿಯಿತು.

ದೊಡ್ಡವರಿಗೂ ಇದು ಬರುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ. ಎರಡು ಸಲ ಎಂಡೋಸ್ಕೋಪಿ ಆಯಿತು, ಏನೂ ಸಿಗಲಿಲ್ಲ. ವಾಂತಿ ಶುರುವಾದರೆ ಬಿಸಿನೀರಿನ ಷವರ್ ಕೆಳಗೆ ಗಂಟೆಗಟ್ಟಲೆ ಕೂರುತ್ತಿದ್ದ. ಅದನ್ನು ಕೇಳಿದ ಡಾಕ್ಟರ್ ನಮ್ಮನ್ನೆಲ್ಲ ಆಚೆ ಕಳಿಸಿ, ಗಾಂಜಾ ಸೇದುತ್ತೀಯಾ ಅಂದರಂತೆ. ಬಹಳ ಕಾಲ ಸೇದುವವರಿಗೂ ಥೇಟ್ ಹೀಗೇ ಆಗುತ್ತದೆ. ಅಲ್ಲಿ ಸೇದುವುದನ್ನು ಪೂರ್ತಿ ಬಿಡುವುದೇ ಮದ್ದು. ಇವನು ಸೇದುವವನಲ್ಲ. ಅವನಿಗೂ ರಾತ್ರಿ ಅಮಿಟ್ರಿಪ್ಟಿಲಿನ್, 25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ಬಾಯಿ ಒಣಗುತ್ತೆ, ಮಲಬದ್ಧತೆ ಅಂತ ಗೊಣಗುತ್ತಾನೆ. ಇದು ಒಗ್ಗದವರಿಗೆ ಟೋಪಿರಮೇಟ್‌ನಂಥ ಬೇರೆ ಮಾತ್ರೆಗಳಿವೆ.

ಅಷ್ಟಾದರೂ ಒಮ್ಮೊಮ್ಮೆ ಬರುತ್ತದೆ. ಮಗಳು ಬಿಳಿಚಿಕೊಂಡು, ಮಾತು ಬಿಟ್ಟು, ಮೂಲೆಯಲ್ಲಿ ಮುದುಡಿದರೆ ನನಗೆ ಗೊತ್ತಾಗುತ್ತದೆ. ಡಾಕ್ಟರ್ ಬರೆದುಕೊಟ್ಟ ಪ್ರಮಾಣದಲ್ಲಿ ಬಾಯಲ್ಲಿ ಕರಗುವ, ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಾತ್ರೆ, ಕತ್ತಲೆ ಕೋಣೆ, ಟಿವಿ ಬಂದ್. ಆ ಅರ್ಧ ಗಂಟೆಯಲ್ಲಿ ನಿದ್ದೆ ಹತ್ತಿದರೆ ಗೆದ್ದೆವು. ನಿಲ್ಲದೆ ಹೋದರೆ ಆಸ್ಪತ್ರೆಗೆ, ಗ್ಲೂಕೋಸಿರುವ ಡ್ರಿಪ್ ಜೊತೆ ನಿದ್ದೆ ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಇದನ್ನೆಲ್ಲ ಡಾಕ್ಟರ್ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಈಗ ರಾತ್ರಿ ಹೋದರೂ ಹೊರಗೆ ತಿನ್ನಿಸಿದ ಪ್ರಶ್ನೆ ಬರುವುದಿಲ್ಲ. ವಾಂತಿಯಲ್ಲಿ ಹಸಿರು ಅಥವಾ ರಕ್ತ ಕಂಡರೆ, ಹೊಟ್ಟೆನೋವು ಎಂದಿನಂತಿಲ್ಲದಿದ್ದರೆ, ಮಂಕು ಕವಿದರೆ ಮನೆಯಲ್ಲಿ ಕಾಯಬಾರದು ಎಂದು ಆ ಹಾಳೆಯ ಕೊನೆಯಲ್ಲಿದೆ.

ಹೋದ ವರ್ಷ ಎರಡೇ ಕೆಂಪು ಗುರುತು. ಒಂದು ವರ್ಷ ಪೂರ್ತಿ ಬಾರದಿದ್ದರೆ ನಿಧಾನವಾಗಿ ಮಾತ್ರೆ ಇಳಿಸಿ ನೋಡೋಣ ಅಂದಿದ್ದಾರೆ. ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ.

ಮುಂದಿನ ತಿಂಗಳು ನಾದಿನಿಯ ಮದುವೆ. ಚಪ್ಪರದ ದಿನ ರಾತ್ರಿ ಒಂಬತ್ತಕ್ಕೆಲ್ಲ ಮಗಳಿಗೆ ಊಟ ಮಾಡಿಸಿ, ಮಾತ್ರೆ ಕೊಟ್ಟು ಮಹಡಿಯಲ್ಲಿ ಮಲಗಿಸುತ್ತೇನೆ. "ಮೆಹಂದಿ ಹಾಕ್ತಿದ್ದಾರೆ, ಎಬ್ಬಿಸು" ಅಂತ ಯಾರಾದರೂ ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆ. ಬಾಗಿಲಲ್ಲಿ ಅತ್ತೆಯನ್ನು ಕೂರಿಸುವುದು ಅಂತ ಮಾತಾಗಿದೆ. ಅಮಾವಾಸ್ಯೆಯ ಮಾತು ಬಿಟ್ಟ ಮೇಲೆ ಕ್ಯಾಲೆಂಡರಿಗೆ ಗುರುತು ಹಾಕುವವರೂ ಅವರೇ.