ಕಾಲು ನೋಯುವಾಗ ಕೇಳಿಕೊಳ್ಳಿ

ಧ್ಯಾನ ಶಿಬಿರದ ಆರನೆಯ ದಿನ, ಬೆಳಗಿನ ಜಾವ ನಾಲ್ಕೂವರೆಗೆ ಕುಳಿತಿದ್ದಾಗ, ಕೆಲಸ ಬಿಟ್ಟುಬಿಡಬೇಕು ಎಂದು ಹೊಳೆಯಿತು. ಯೋಚಿಸಿ ಬಂದದ್ದಲ್ಲ, ಹೋಗಿದ್ದ ಕರೆಂಟು ಬಂದ ಹಾಗೆ ಒಮ್ಮೆಲೇ ಬಂತು. ಮೈಯೆಲ್ಲ ಹಗುರ, ಕಣ್ಣಲ್ಲಿ ನೀರು. ವಿಪಶ್ಯನಾ ಶಿಬಿರದಲ್ಲಿ ಮೊಬೈಲು, ಪೆನ್ನು ಎರಡನ್ನೂ ಮೊದಲೇ ಒಪ್ಪಿಸಿಬಿಡಬೇಕು. ಇಲ್ಲದಿದ್ದರೆ ಐದು ಗಂಟೆಯೊಳಗೆ ನನ್ನ ರಾಜೀನಾಮೆ ಹೋಗಿರುತ್ತಿತ್ತು.

ಮಧ್ಯಾಹ್ನ ಆಚಾರ್ಯರ ಮುಂದೆ ಕುಳಿತು ಹೇಳಿಕೊಂಡೆ. ನಿವೃತ್ತ ಬ್ಯಾಂಕ್ ಮ್ಯಾನೇಜರರ ಗತ್ತಿನ ಮನುಷ್ಯ. ನಗುವನ್ನೂ ಜಾಮೀನು ನೋಡಿಯೇ ಕೊಡುವವರು.

"ಆಗ ಕಾಲು ನೋಯುತ್ತಿತ್ತೇ?"

"ಇಲ್ಲ. ಕಾಲೇ ಇಲ್ಲದ ಹಾಗಿತ್ತು."

"ನೋಯುವಾಗ ಇನ್ನೊಮ್ಮೆ ಕೇಳಿಕೊಳ್ಳಿ."

ಅಷ್ಟೇ. ಬೋಧಿವೃಕ್ಷದ ಬುಡದವರೆಗೆ ಬಂದವನನ್ನು ಮೂಳೆ ವೈದ್ಯರ ಬಳಿ ಕಳಿಸಿದ ಹಾಗಾಯಿತು. ಸಿಟ್ಟು ಬಂತು.

ಎರಡೂವರೆಗೆ ಅಧಿಷ್ಠಾನ. ಒಂದು ಗಂಟೆ ಕೈಕಾಲು ಕದಲಿಸುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಅರ್ಧ ಗಂಟೆ ಕಳೆಯುವುದರೊಳಗೆ ಬಲ ಮಂಡಿ ಕೆಂಡವಾಯಿತು. ರಾಜೀನಾಮೆಯೂ ಇಲ್ಲ, ವೈರಾಗ್ಯವೂ ಇಲ್ಲ. ಕೊನೆಯ ಪಠಣ ಯಾವಾಗ ಶುರುವಾದೀತು ಎಂಬುದೊಂದೇ ಚಿಂತೆ. ಪಕ್ಕದವರು ನಿರಾಳವಾಗಿ ತೇಗಿದರು. ಅವರ ಮೇಲೆ ಮೈತ್ರಿ ಹುಟ್ಟಲಿಲ್ಲ.

ಕಳೆದ ಭಾನುವಾರ ಮನೆಗೆ ಬಂದವನು ಬೌದ್ಧ ಪಂಡಿತ ಬುದ್ಧಘೋಷನ ಧ್ಯಾನದ ಕೈಪಿಡಿ ವಿಸುದ್ಧಿಮಗ್ಗವನ್ನು ತೆರೆದೆ. ನನ್ನ ಬೆಳಗಿನ ಜಾವವನ್ನು ಆತ ಐದನೆಯ ಶತಮಾನದಲ್ಲೇ ಪಟ್ಟಿ ಮಾಡಿಟ್ಟಿದ್ದಾನೆ: ಬೆಳಕು, ಪೀತಿಯೆಂಬ ಪುಳಕ, ಸುಖ, ಅಧಿಮೋಕ್ಖವೆಂಬ ಗಾಢ ನಂಬಿಕೆ, ಹೀಗೆ 10. ಇವನ್ನು ವಿಪಶ್ಯನೆಯ ಉಪಕ್ಲೇಶಗಳು, ಅಂದರೆ ಧ್ಯಾನಕ್ಕೆ ಅಂಟುವ ಕೊಳೆಗಳು, ಎನ್ನುತ್ತಾನೆ. ಹತ್ತನೆಯದು ನಿಕಂತಿ, ಅಂದರೆ ಉಳಿದ ಒಂಬತ್ತರ ಮೇಲೆ ಹುಟ್ಟುವ ಮೋಹ. ನನಗಿದ್ದದ್ದು ಅದೇ. ಕೆಲಸ ಬಿಡುವುದಕ್ಕಿಂತ, ಕೆಲಸ ಬಿಡಬಲ್ಲ ನನ್ನನ್ನು ಕಂಡು ನನಗೇ ಕಣ್ಣು ತುಂಬಿತ್ತು.

ಹಾಗಾದರೆ ಥಟ್ಟನೆ ಬಂದದ್ದೆಲ್ಲ ಸುಳ್ಳೇ? ಅದನ್ನೂ ಒಪ್ಪಲಾರೆ. ಬುದ್ಧನ ಶಿಷ್ಯ ಆನಂದನಿಗೆ ಅರಿವು ಮೂಡಿದ್ದು ರಾಜಗೃಹದ ಮೊದಲ ಸಂಗೀತಿಯ, ಅಂದರೆ ಭಿಕ್ಷುಗಳ ಮಹಾಸಭೆಯ, ಹಿಂದಿನ ರಾತ್ರಿ. ಬೆಳಗಿನವರೆಗೆ ಹೆಣಗಿ, ಆಗಲಿಲ್ಲವೆಂದು ಮಲಗಲು ಹೊರಟಾಗ, ಕಾಲು ನೆಲ ಬಿಟ್ಟಿತ್ತು, ತಲೆ ಇನ್ನೂ ದಿಂಬು ಮುಟ್ಟಿರಲಿಲ್ಲ. ಥಟ್ಟನೆ ಎಂದರೆ ಅದು. ಆದರೆ ರಾತ್ರಿಯೆಲ್ಲ ಅಡ್ಡಾಡಿದ್ದನಂತೆ. ಆ ಕಾಲು ನೋಯದೆ ಇದ್ದೀತೇ? ಬ್ಯಾಂಕ್ ಮ್ಯಾನೇಜರರ ಮಾತು ಇಲ್ಲಿಯೂ ಬಿಡುತ್ತಿಲ್ಲ.

ಸೋಮವಾರ ಕಚೇರಿಗೆ ಹೋದೆ. ತಿರುಗುವ ಕುರ್ಚಿಯ ಸುಖ. ಏನೂ ಹೊಳೆಯಲಿಲ್ಲ.

ನಿನ್ನೆ ಸಂಜೆ ಬಸ್ಸಿನಲ್ಲಿ ಸೀಟು ಸಿಗದೆ ಒಂದೂಕಾಲು ಗಂಟೆ ನಿಂತೇ ಬಂದೆ. ಮೆತ್ತಗೆ, ಬೆಳಕೂ ಇಲ್ಲದೆ, ಕಣ್ಣೀರೂ ಇಲ್ಲದೆ, ಅದೇ ಯೋಚನೆ ಬಂತು. ಬಲ ಮಂಡಿ ನೋಯುತ್ತಿತ್ತು.